ಲಿಂಗರಾಜನ ಕರಡಿ

"ಹಿಂದಕ್ಕ ಬರ್ರೀ!"

ಆ ಕೂಗು ಕಿವಿಗೆ ಬೀಳುವಷ್ಟರಲ್ಲಿ ಯಾರೋ ಅವಳ ತೋಳು ಹಿಡಿದು ಎಳೆದಾಗಿತ್ತು. ಅರ್ಚಿತಾ ತತ್ತರಿಸಿ ರಸ್ತೆ ಬದಿಯ ಕೆಂಪು ಧೂಳಿನಲ್ಲಿ ಕುಸಿದು ಕೂತಳು. ಕ್ಷಣದ ಹಿಂದೆ ಅವಳು ನಿಂತಿದ್ದ ಜಾಗದ ಮೇಲೆ ಅದಿರು ತುಂಬಿದ ಟಿಪ್ಪರ್‌ನ ಚಕ್ರ ಹಿಮ್ಮುಖವಾಗಿ ಉರುಳಿ ಹೋಯಿತು. ಕೈಯಿಂದ ಜಾರಿದ್ದ ಟಿಫಿನ್ ಡಬ್ಬಿ ಚಪ್ಪಟೆಯಾಗಿತ್ತು.

"ಕಣ್ಣು ಎಲ್ಲಿಟ್ಟಿದ್ರಿ? ಅಷ್ಟು ದೊಡ್ಡ ಗಾಡಿ ಹಿಂದಕ್ಕ ಬರೋದು ಕಾಣ್ಲಿಲ್ಲಾ?"

ಅವನು ಬೈಯುತ್ತಿದ್ದ. ಎತ್ತರದ ಆಳು. ಹೆಲ್ಮೆಟ್, ಮಾಸಿದ ಅಂಗಿ, ರೆಪ್ಪೆಯ ಮೇಲೂ ಗಣಿಯ ಧೂಳು. ಅರ್ಚಿತಾ ಅವನ ಮುಖ ನೋಡಲಿಲ್ಲ. ಅವಳ ಕಣ್ಣು ಅವನ ಬೆನ್ನ ಹಿಂದೆ ನೆಟ್ಟಿತ್ತು.

ಅಲ್ಲಿ ಒಂದು ಕರಡಿ ನಿಂತಿತ್ತು!

ಸಂಡೂರು ಬಸ್‌ಸ್ಟ್ಯಾಂಡಿನ ಆ ಸಂಜೆಯ ಗದ್ದಲದಲ್ಲಿ, ನೂರಾರು ಜನರ ನಡುವೆ, ಕಪ್ಪು ಕೂದಲಿನ ದೊಡ್ಡ ಕರಡಿ. ಎದೆಯ ಮೇಲೆ ಬೆಳ್ಳನೆಯ ಗುರುತು. ಊರೆಲ್ಲ ಕೆಂಪಾಗಿದ್ದರೂ ಅದರ ಮೈಮೇಲೆ ಧೂಳಿನ ಒಂದು ಕಣವೂ ಇರಲಿಲ್ಲ. ಬೇರೆ ಯಾರಿಗೂ ಅದು ಕಾಣುತ್ತಿಲ್ಲ ಎಂಬುದು ಅರ್ಚಿತಾಳಿಗೆ ಗೊತ್ತಿತ್ತು.

"ಪೆಟ್ಟಾತೇನ್ರೀ?" ಅವನ ದನಿ ಈಗ ಮೆತ್ತಗಾಗಿತ್ತು.

"ಇಲ್ಲ..." ಎಂದಳು. ಅವಳು ನಡುಗುತ್ತಿದ್ದುದು ಲಾರಿಗೋ, ಕರಡಿಗೋ, ಅವಳಿಗೇ ತಿಳಿಯಲಿಲ್ಲ.

ಅರ್ಚಿತಾ ಹುಟ್ಟಿದಾಗಿನಿಂದ ಕಾವಲು ಪ್ರಾಣಿಗಳನ್ನು ನೋಡುತ್ತಿದ್ದಳು. ಎಲ್ಲರ ಬೆನ್ನಿಗೂ ಒಂದೊಂದು ಇರುತ್ತದೆ, ಅವರವರ ಸ್ವಭಾವಕ್ಕೆ ತಕ್ಕಂತೆ. ಬಸ್ಸಿನ ಕಂಡಕ್ಟರ್ ಹಿಂದೆ ಮುಂಗುಸಿ. ಶಾಲೆಯ ಹೆಡ್‌ಮಿಸ್ ಹಿಂದೆ ಕುತ್ತಿಗೆ ಕೊಂಕಿಸುವ ಬಾತುಕೋಳಿ. ತುಂಗಭದ್ರಾ ಡ್ಯಾಂ ಕಾಲುವೆ ಕಚೇರಿಯಲ್ಲಿ ಅಧಿಕಾರಿಯಾಗಿದ್ದ ಅವಳ ಅಪ್ಪ ಶ್ರೀಪತಿಯ ಹಿಂದೆ ಆಮೆ. ಕಷ್ಟದ ಮಾತು ಬಂದ ಕೂಡಲೇ ಅಪ್ಪ ಪೇಪರಿನೊಳಗೆ ಮುಖ ಹುದುಗಿಸಿದರೆ, ಆಮೆ ಚಿಪ್ಪಿನೊಳಗೆ ತಲೆ ಎಳೆದುಕೊಳ್ಳುತ್ತಿತ್ತು.

ಮನೆತನದಲ್ಲಿ ಈ ಕಣ್ಣು ಇನ್ನೊಬ್ಬರಿಗೆ ಇತ್ತು. ಹಂಪಿಯಲ್ಲಿದ್ದ ಅಜ್ಜಿ ಸೀತಾಬಾಯಿಗೆ. ಅಜ್ಜಿಯ ಹಿಂದೆ ಸದಾ ಕಪ್ಪು ಮುಖದ ಒಂದು ಮುದಿ ಮುಸುವ ಕೂತು ಬಾಲ ಆಡಿಸುತ್ತಿತ್ತು.

ತನ್ನ ಪ್ರಾಣಿ ಮಾತ್ರ ತನಗೆ ಕಾಣದು. ಅದು ಯಾವಾಗಲೂ ಬೆನ್ನ ಹಿಂದೆಯೇ ಇರುತ್ತದೆ, ಕನ್ನಡಿಯಲ್ಲೂ ಮೂಡದು. ಎಷ್ಟು ಕೇಳಿದರೂ ಅಜ್ಜಿ ಹೇಳಿರಲಿಲ್ಲ. ಏನೋ ಸಣ್ಣದು, ಹೆದರುಪುಕ್ಕಲು ಪ್ರಾಣಿ ಇರಬೇಕು ಎಂದು ಅರ್ಚಿತಾ ತಾನೇ ತೀರ್ಮಾನಿಸಿಕೊಂಡಿದ್ದಳು. ಮೊಲವೋ, ಇಲಿಯೋ...

ಕಂಡದ್ದನ್ನು ಹೇಳಲು ಅವಳಿಗಿದ್ದ ಭಯಕ್ಕೆ ಒಂದು ಕಾರಣವಿತ್ತು. ಚಿಕ್ಕವಳಿದ್ದಾಗ ಊಟದ ಹೊತ್ತಿನಲ್ಲಿ, "ಗೋಪೀನಾಥ ಕಾಕಾನ ಮಿಂಚುಳ್ಳಿ ಎಲ್ಲಿ ಹೋತು?" ಎಂದು ಕೇಳಿಬಿಟ್ಟಿದ್ದಳು. ಎಲ್ಲರೂ ನಕ್ಕಿದ್ದರು. ಅದೇ ವಾರ ಕಾಕಾ ಕಾಲುವೆಗೆ ಜಾರಿ ಬಿದ್ದು ತೀರಿಕೊಂಡರು. ಆಮೇಲೆ ಯಾರೂ ನಗಲಿಲ್ಲ. "ಈ ಹುಡುಗಿ ಬಾಯಿ ಒಳ್ಳೇದಲ್ಲ" ಎಂದು ನೆಂಟರೊಬ್ಬರು ಅಂದರು. "ಇನ್ನ ಮ್ಯಾಲೆ ಈ ಮಾತು ಆಡಬ್ಯಾಡ" ಎಂದು ಅಪ್ಪ ಅಂದರು.

ಅವಳು ಆಡಲಿಲ್ಲ. ಯಾರ ಮುಂದೂ.

ಆ ಸಂಜೆಯ ನಂತರ ಕರಡಿಯವನು ದಿನಾ ಕಾಣಿಸತೊಡಗಿದ. ಹೊಸಪೇಟೆಯಿಂದ ಹೊರಡುವ ಬೆಳಗಿನ ಬಸ್ಸಿನಲ್ಲಿ ಅವಳು ಸಂಡೂರಿನ ಶಾಲೆಗೆ ಪಾಠ ಮಾಡಲು ಹೋಗುತ್ತಿದ್ದಳು. ಅವನು ಗಣಿ ಕ್ರಾಸಿನಲ್ಲಿ ಇಳಿಯುತ್ತಿದ್ದ. ಹೆಸರು ಲಿಂಗರಾಜ್, ಊರು ಕಂಪ್ಲಿ ಕಡೆಯ ಮೆಟ್ರಿ. ಬಂಡೆ ಸಿಡಿಸುವ ಕೆಲಸದ ಫೋರ್‌ಮನ್.

ಮರುವಾರವೇ ಒಂದು ಹೊಸ ಟಿಫಿನ್ ಡಬ್ಬಿ ತಂದುಕೊಟ್ಟ.

"ನಾನು ಎಳೆದದ್ದಕ್ಕ ಅಲ್ಲೇನ್ರೀ ಅದು ಬಿದ್ದದ್ದು?"

"ನೀವು ಎಳೀದೇ ಇದ್ದಿದ್ರ ಡಬ್ಬಿ ಉಳೀತಿತ್ತು... ನಾನು ಹೋಗ್ತಿದ್ದೆ!"

ಅವನು ನಕ್ಕ. ಹಿಂದೆ ಕರಡಿ ಬಸ್ಸಿನ ಸೀಟಿಗೆ ಬೆನ್ನು ತಿಕ್ಕಿಕೊಂಡಿತು. ಅರ್ಚಿತಾಳಿಗೂ ನಗು ತಡೆಯಲಾಗಲಿಲ್ಲ.

ಅದಿರು ಲಾರಿಗಳ ಸಾಲಿನಲ್ಲಿ ಬಸ್ಸು ಸಿಕ್ಕಿಕೊಂಡು ಗಂಟೆಗಟ್ಟಲೆ ನಿಂತರೆ ಉಳಿದವರೆಲ್ಲ ಶಪಿಸುತ್ತಿದ್ದರು. ಅವರಿಬ್ಬರಿಗೆ ಮಾತ್ರ ಬೇಸರವಾಗುತ್ತಿರಲಿಲ್ಲ. ಅವನು ಮೆಟ್ರಿಯ ಭತ್ತದ ಗದ್ದೆಯ ಬಗ್ಗೆ, ತಾಯಿ ಶಾಂತಕ್ಕ ಸಿಟ್ಟು ಬಂದಾಗ ಎಮ್ಮೆಯ ಜೊತೆ ಮಾತಾಡುವ ಬಗ್ಗೆ ಹೇಳುತ್ತಿದ್ದ. ಕಡಿಮೆ ಮಾತು, ಆದರೆ ಆಡಿದ್ದನ್ನು ಮರೆಯುತ್ತಿರಲಿಲ್ಲ. 'ಕರಡಿಯವರು ಹಿಡಿದದ್ದು ಬಿಡೋದಿಲ್ಲ, ಸಿಟ್ಟಾಗಲಿ, ಪ್ರೀತಿಯಾಗಲಿ' ಎಂದು ಅಜ್ಜಿ ಯಾವಾಗಲೋ ಹೇಳಿದ್ದು ಅವಳಿಗೆ ನೆನಪಾಗುತ್ತಿತ್ತು.

ಅವಳಿಗೆ ಹೆದರಿಕೆಯಾಗುತ್ತಿತ್ತು. ಹೆದರಿಕೆಯ ಒಳಗೇ ಏನೋ ಹಿತವೂ ಇತ್ತು.

ಆಮೇಲೆ ಆ ಗುರುವಾರ ಬಂತು.

ಲಿಂಗರಾಜ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಸ್ ಹತ್ತಿದ. ಅರ್ಚಿತಾ ಅಭ್ಯಾಸದಂತೆ ಅವನ ಹಿಂದೆ ನೋಡಿದಳು.

ಖಾಲಿ.

ಬಾಗಿಲ ಕಡೆ ನೋಡಿದಳು. ಕಿಟಕಿಯಾಚೆ ನೋಡಿದಳು. ಎಲ್ಲಿಯೂ ಇಲ್ಲ! ಮಿಂಚುಳ್ಳಿಯಿಲ್ಲದ ಕಾಕಾನ ಬೆನ್ನು ಕಣ್ಮುಂದೆ ಬಂತು...

"ನಿಮಗೊಂದು ಮಾತು ಹೇಳಬೇಕಿತ್ತು," ಲಿಂಗರಾಜ್ ತಗ್ಗಿದ ದನಿಯಲ್ಲಿ ಶುರುಮಾಡಿದ. "ರಾತ್ರಿ ಪೂರಾ ಇದೇ ವಿಚಾರ. ಐತವಾರ ನಿಮ್ಮ ಅಪ್ಪಾರನ್ನ ನೋಡಾಕ ಬರ್ಲಾ? ಜಾತಿ ಬ್ಯಾರೆ, ಗೊತ್ತು. ಬೈದ್ರೂ ಬೈಸ್ಕೊಂತೀನಿ. ಆದ್ರ ನಿಮ್ಮ ಮನಸ್ಸಿನ್ಯಾಗ ಏನೈತೆ ಅಂತ ಮೊದ್ಲು..."

ಅವಳು ಕಾದಿದ್ದ ಮಾತು ಅದು. ಆದರೆ ಅವಳ ಬಾಯಿಂದ ಬಂದದ್ದು ಬೇರೆ.

"ಆ ಕೆಲಸ ಬಿಟ್ಟುಬಿಡ್ರಿ!"

"ಏನ್ರೀ?"

"ಗಣಿಗೆ ಹೋಗಬ್ಯಾಡ್ರಿ. ಇವತ್ತೂ ಬ್ಯಾಡ, ನಾಳೆನೂ ಬ್ಯಾಡ... ದಯವಿಟ್ಟು."

"ಯಾಕ?"

ಯಾಕೆ? ಏನೆಂದು ಹೇಳುವುದು? 'ನಿಮ್ಮ ಕರಡಿ ಹೊರಟುಹೋಗಿದೆ, ನೀವು ಸಾಯುತ್ತೀರಿ' ಎಂದೇ? ಹೇಳಿದ ಮೇಲೆ ಅದು ನಿಜವಾದರೆ? ಅವಳು ತಲೆ ತಗ್ಗಿಸಿ ಟಿಫಿನ್ ಡಬ್ಬಿಯನ್ನು ಮಡಿಲಿಗೆ ಒತ್ತಿಕೊಂಡಳು.

ಲಿಂಗರಾಜನ ಮುಖ ನಿಧಾನವಾಗಿ ಕಪ್ಪಿಟ್ಟಿತು. "ತಿಳೀತು ಬಿಡ್ರಿ. ಮೈಗೆಲ್ಲ ಧೂಳು ಬಡ್ಕೊಂಡು ಬರೋವ್ನು ಆಫೀಸರ್ ಮನಿಗೆ ಅಳಿಯ ಆಗಂಗಿಲ್ಲ. ನೇರ ಹೇಳಿದ್ರೂ ನಡೀತಿತ್ತು."

"ಹಂಗಲ್ಲ..."

ಅಷ್ಟರಲ್ಲಿ ಕ್ರಾಸ್ ಬಂತು. ಅವನು ಇಳಿದ. ತಿರುಗಿ ನೋಡಲಿಲ್ಲ.

ಮರುದಿನ ಅವನು ಬಸ್ಸಿಗೆ ಬರಲಿಲ್ಲ. ಶನಿವಾರವೂ ಇಲ್ಲ. ಗಣಿಯ ಜೀಪಿನಲ್ಲಿ ಹೋಗುತ್ತಿದ್ದಾನೆ, ಭಾನುವಾರದ ರಜೆಯನ್ನೂ ಬಿಟ್ಟು ಕೆಲಸಕ್ಕೆ ಒಪ್ಪಿಕೊಂಡಿದ್ದಾನೆ ಎಂದು ಕಂಡಕ್ಟರ್ ಹೇಳಿದ. ಫೋನ್ ಮಾಡಿದರೆ ಸ್ವಿಚ್ ಆಫ್. ಗುಡ್ಡದ ಕಡೆಯಿಂದ ಸಿಡಿತದ ಸದ್ದು ಬಂದಾಗಲೆಲ್ಲ ಪಾಠ ಹೇಳುತ್ತಿದ್ದ ಅರ್ಚಿತಾಳ ಕೈಯಿಂದ ಸೀಮೆಸುಣ್ಣ ಬೀಳುತ್ತಿತ್ತು.

ಭಾನುವಾರ ಬೆಳಿಗ್ಗೆಯೇ ಅವಳು ಹಂಪಿಗೆ ಓಡಿದಳು.

ಸೀತಾಬಾಯಿ ಅಂಗಳದಲ್ಲಿ ಸೊಪ್ಪು ಸೋಸುತ್ತಿದ್ದವರು ಮೊಮ್ಮಗಳನ್ನು ಕಂಡು ತಲೆ ಎತ್ತಿದರು. ಎತ್ತಿದ ತಲೆ ಹಾಗೇ ನಿಂತಿತು. ಹಿಂದಿದ್ದ ಮುದಿ ಮುಸುವ ಗಾಬರಿಯಿಂದ ಗೋಡೆ ಹತ್ತಿತು.

"ಅಜ್ಜಿ, ಒಬ್ಬರ ಪ್ರಾಣಿ ಬಿಟ್ಟು ಹೋಗ್ಯದ. ಕಾಕಾಂದು ಹೋಗಿತ್ತಲ್ಲ, ಹಂಗ! ಏನು ಮಾಡ್ಲಿ? ಹೇಳಿದ್ರ ನನ್ನ ಬಾಯಿಂದನ ಅವರು..." ಅವಳು ಬಿಕ್ಕಿದಳು.

"ಯಾರದು? ಏನು ಪ್ರಾಣಿ?"

"ಕರಡಿ."

ಅಜ್ಜಿ ಅವಳ ಬೆನ್ನ ಹಿಂದೆ ನೋಡುತ್ತ ನಕ್ಕೇಬಿಟ್ಟರು. "ಎದಿ ಮ್ಯಾಲೆ ಬಿಳೀ ಗುರ್ತು ಅದ ಏನು?"

ಅರ್ಚಿತಾ ಗಕ್ಕನೆ ಹಿಂದೆ ತಿರುಗಿದಳು. ಏನೂ ಕಾಣಲಿಲ್ಲ.

"ಹುಚ್ಚಿ! ಅದು ಎಲ್ಲಿಗೂ ಹೋಗಿಲ್ಲ. ನಿನ್ನ ಬೆನ್ನಿಗೇ ನಿಂತದ. ಪ್ರಾಣಿ ಎರಡು ಕಾರಣಕ್ಕ ಬಿಟ್ಟು ಹೋಗತದ. ಒಂದು ಸಾವು. ಇನ್ನೊಂದು... ತನ್ನ ಜೀವಕ್ಕಿಂತ ಇನ್ನೊಬ್ಬರ ಜೀವ ಹೆಚ್ಚು ಅಂತ ಮನಸ್ಸು ನಿಶ್ಚಯ ಮಾಡಿದಾಗ. ನಿಮ್ಮ ಅಜ್ಜಂದು ಹಂಗೇ ನನ್ನ ಹಿಂದ ಬಂದಿತ್ತಂತ. ನನಗೆಲ್ಲಿ ಕಾಣಬೇಕು, ನಮ್ಮವ್ವ ನೋಡಿ ಹೇಳಿದ್ಲು."

ಗುರುವಾರ ಬಸ್ಸಿನಲ್ಲಿ ಲಿಂಗರಾಜ್ 'ರಾತ್ರಿ ಪೂರಾ ಇದೇ ವಿಚಾರ' ಎಂದಿದ್ದನಲ್ಲ! ಅರ್ಚಿತಾಳ ಕಣ್ಣು ತುಂಬಿ ಬಂತು. ಸಾಯುವುದಕ್ಕಲ್ಲ... ತನಗಾಗಿ! ಆದರೆ ಮರುಕ್ಷಣವೇ ಆ ಸುಖ ಆರಿಹೋಯಿತು.

"ಅಂದ್ರ ಈಗ ಅವರ ಹಿಂದ ಯಾರೂ ಇಲ್ಲ! ಅವರು ಬಂಡೆ ಸಿಡಿಸೋ ಕಡೆ ಅದಾರ, ಅಜ್ಜಿ!"

ಸೀತಾಬಾಯಿಯ ನಗು ನಿಂತಿತು. "ಹಂಗಾದ್ರ ಹೋಗು. ಇಲ್ಲೇನು ಕೂತಿ?"

"ನನ್ನಂಥ ಅಂಜುಬುರುಕಿ ಹೋಗಿ ಏನು ಮಾಡ್ಲಿ?"

"ಯಾರು ಹೇಳಿದ್ರು ನಿನಗ ಅಂಜುಬುರುಕಿ ಅಂತ? ನಿನ್ನ ಪ್ರಾಣಿ ಯಾವುದು ಗೊತ್ತದ ಏನು? ಟಿಟ್ಟಿಭ ಹಕ್ಕಿ. ಕಾಲುವೆ ಏರಿ ಮ್ಯಾಲೆ ಬರೀ ನೆಲದಾಗ ತತ್ತಿ ಇಟ್ಟು, ಯಾರರ ಸನೇಕ ಬಂದ್ರ ಊರಿಗೆಲ್ಲ ಕೇಳೋಹಂಗ ಕೂಗತದಲ್ಲ, ಅದು. ಹೇಳಿದ್ರ ಅದರಂಗೇ ಬದುಕಲಿಕ್ಕೆ ಹೋಗ್ತಿ ಅಂತ ಇಷ್ಟು ದಿನ ಹೇಳಿರಲಿಲ್ಲ. ಆ ಹಕ್ಕಿಗೂ ಭಯ ಇರತದ. ಆದ್ರ ಹಾರಿ ಹೋಗಂಗಿಲ್ಲ. ಕೂಗತದ. ಹೋಗು, ಕೂಗು!"

ಹೊಸಪೇಟೆಯವರೆಗೆ ಬಸ್ಸು, ಅಲ್ಲಿಂದ ಕ್ರಾಸಿಗೆ ಇನ್ನೊಂದು. ಕ್ರಾಸಿನಲ್ಲಿ ಗುಡ್ಡಕ್ಕೆ ಹೊರಟಿದ್ದ ಖಾಲಿ ಟಿಪ್ಪರ್‌ಗೆ ಕೈ ಅಡ್ಡ ಹಾಕಿದಳು. ಡ್ರೈವರ್ ಅವಳ ಮುಖ ನೋಡಿ ಪ್ರಶ್ನೆ ಕೇಳಲಿಲ್ಲ. "ಹತ್ತಮ್ಮ, ಜಲ್ದಿ" ಎಂದ. ಅವನ ಹಿಂದೆ ಕೂತಿದ್ದ ಮುದಿ ಕತ್ತೆ ಅವಳಿಗೆ ಜಾಗ ಬಿಟ್ಟು ಸರಿಯಿತು.

ಗಣಿಯ ಬಳಿ ದಾರಿಗೆ ಅಡ್ಡ ಸರಪಳಿ. ಕೆಂಪು ಬಾವುಟ ಹಿಡಿದು ಕಾವಲುಗಾರ ಮೂಕಣ್ಣ ನಿಂತಿದ್ದ.

"ಯಾರೂ ಹೋಗಂಗಿಲ್ಲಮ್ಮ! ಈಗರ ಬ್ಲಾಸ್ಟ್ ಆಗೈತೆ. ಫೋರ್‌ಮನ್ ನೋಡಿ ಬಂದು ಸೀಟಿ ಹೊಡೀಬೇಕು."

"ಲಿಂಗರಾಜ್ ಎಲ್ಲಿ?"

ಮೂಕಣ್ಣ ಬೆರಳು ತೋರಿಸಿದ. ದೂರದಲ್ಲಿ, ಆಗಷ್ಟೇ ಸಿಡಿದ ಬಂಡೆಯ ಗೋಡೆಯ ಕೆಳಗೆ, ಹೊಗೆ ಮತ್ತು ಧೂಳಿನ ನಡುವೆ ಒಬ್ಬನೇ ನಡೆಯುತ್ತಿದ್ದ ಮನುಷ್ಯ. ಅವನ ಹಿಂದೆ ಏನೂ ಇರಲಿಲ್ಲ. ಅಷ್ಟು ಬರಿದಾದ ಬೆನ್ನನ್ನು ಅವಳು ಎಂದೂ ನೋಡಿರಲಿಲ್ಲ.

ಅರ್ಚಿತಾ ಸರಪಳಿಯ ಕೆಳಗೆ ನುಸುಳಿ ಓಡಿದಳು.

"ಏಯ್! ನಿಲ್ಲಮ್ಮಾ!"

"ಲಿಂಗರಾಜ್!" ಅವಳು ಜೀವಮಾನದಲ್ಲಿ ಎಂದೂ ಅಷ್ಟು ಜೋರಾಗಿ ಕೂಗಿರಲಿಲ್ಲ. "ಬರ್ರಿ ಇಲ್ಲೆ! ಲಿಂಗರಾಜ್! ಬರ್ರೀ!"

ಅವನು ತಿರುಗಿದ. ಅವಳನ್ನು ಗುರುತಿಸಿ ಬೆಚ್ಚಿಬಿದ್ದ. ಆಮೇಲೆ ಸಿಟ್ಟಿನಿಂದ ಕೈ ಬೀಸುತ್ತ ಅವಳತ್ತ ದಾಪುಗಾಲು ಹಾಕಿದ. "ಯಾರು ಬಿಟ್ರು ನಿಮ್ಮನ್ನ ಒಳಗ? ತಲಿ ಕೆಟ್ಟೈತೇನ್ರೀ? ಹೋಗ್ರಿ ಹಿಂದಕ್ಕ!"

ಅವಳು ಹೋಗಲಿಲ್ಲ. ಕೂಗುತ್ತಲೇ ಇದ್ದಳು.

ಅವನ ಹಿಂದೆ ಬಂಡೆಯ ಗೋಡೆ ಲಟಲಟನೆ ಸದ್ದು ಮಾಡಿತು. ಮೇಲಿನ ಅಂಚು ಬಾಗಿತು... ನೋಡನೋಡುತ್ತಿದ್ದಂತೆ ಅವನು ಕ್ಷಣದ ಹಿಂದೆ ನಿಂತಿದ್ದ ಜಾಗದ ಮೇಲೆ ಇಡೀ ಗೋಡೆ ಕುಸಿದು ಬಿತ್ತು! ಕೆಂಪು ಧೂಳು ಎದ್ದು ಸೂರ್ಯನನ್ನೇ ಮುಚ್ಚಿತು.

"ಲಿಂಗರಾಜ್...!"

ಧೂಳಿನೊಳಗಿಂದ ಕೆಮ್ಮು ಕೇಳಿಸಿತು. ಅವನು ಒಂದು ಭುಜ ಹಿಡಿದುಕೊಂಡು, ತೂರಾಡುತ್ತ ಹೊರಗೆ ಬಂದ. ಉರುಳಿದ ಕಲ್ಲೊಂದು ಭುಜಕ್ಕೆ ಬಡಿದಿತ್ತು. ಅವಳೆದುರು ಬಂದು ಮಂಡಿಯೂರಿದ. ಅರ್ಚಿತಾ ಅವನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು, ಮೂಕಣ್ಣ ಬರುವವರೆಗೂ ಬಿಡಲಿಲ್ಲ.

ಹೊಸಪೇಟೆಯ ಆಸ್ಪತ್ರೆಯಲ್ಲಿ ಮರುದಿನ ಮಧ್ಯಾಹ್ನ ಶ್ರೀಪತಿ ಬಂದರು. ಸೀತಾಬಾಯಿ ಫೋನಿನಲ್ಲಿ ಮಗನಿಗೆ ಎಲ್ಲ ಹೇಳಿದ್ದರು. ಶ್ರೀಪತಿ ಹಾಸಿಗೆಯ ಮೇಲಿದ್ದ ಯುವಕನನ್ನು, ಅವನ ಪಕ್ಕ ಕೂತಿದ್ದ ಮಗಳನ್ನು ಬಹಳ ಹೊತ್ತು ನೋಡಿದರು. ಆಮೆ ಒಮ್ಮೆ ತಲೆ ಒಳಗೆಳೆದುಕೊಂಡು, ಮತ್ತೆ ಹೊರಗೆ ಚಾಚಿತು.

"ಮುಂದ ಏನರ ಕಂಡ್ರ," ಎಂದು ಅವರು ಮಗಳ ತಲೆ ಸವರಿದರು, "ಮೊದಲು ನನಗ ಹೇಳು." ಲಿಂಗರಾಜನ ಕಡೆ ತಿರುಗಿ, "ಭುಜ ವಾಸಿ ಆದಮ್ಯಾಲೆ ನಿಮ್ಮ ತಾಯಿನ ಕರ್ಕೊಂಡು ಮನೀಗೆ ಬರ್ರಿ. ಮಾತಾಡೋದು ಭಾಳ ಅದ" ಎಂದರು. ಕಾಫಿ ತರುವ ನೆಪ ಹೇಳಿ ಹೊರಗೆ ಹೋದರು.

ಅರ್ಚಿತಾ ನೆಲ ನೋಡುತ್ತ ಎಲ್ಲವನ್ನೂ ಹೇಳಿದಳು. ಕಾಕಾ, ಮಿಂಚುಳ್ಳಿ, ಖಾಲಿ ಬೆನ್ನು, ಬಸ್ಸಿನಲ್ಲಿ ಆಡಲಾಗದೆ ನುಂಗಿದ ಮಾತು, ಅವನ ಕರಡಿ, ಕೂಗುವ ತನ್ನ ಟಿಟ್ಟಿಭ... ಈಗ ಇವನೂ ನಗುತ್ತಾನೆಯೇ? ಇಲ್ಲ, ಹೆದರುತ್ತಾನೆಯೇ?

"ನಂಬ್ತೀರೇನು?" ಕೊನೆಗೆ ಕೇಳಿದಳು.

"ಜೀವಂತ ಅದೀನಲ್ರೀ. ಇನ್ನೂ ಏನು ನೋಡಿ ನಂಬಬೇಕು?" ಅವನು ಹುಬ್ಬೇರಿಸಿ ಕೇಳಿದ, "ಕರಡಿನಾ? ಹುಲಿ ಅಲ್ಲಾ?"

"ಕರಡಿ."

"ಸಣ್ಣದೊಂದು ಚಿರತಿನಾದ್ರೂ?"

ಅವಳು ಅಳುತ್ತಲೇ ನಕ್ಕಳು. ಅವನು ಸರಿಯಿದ್ದ ಕೈ ಚಾಚಿ ಅವಳ ಬೆರಳು ಹಿಡಿದ.

"ಬಸ್ಸಿನ್ಯಾಗ ತಪ್ಪು ತಿಳ್ಕೊಂಡೆ. ಕೆಟ್ಟ ಮಾತು ಆಡಿದೆ. ಈಗ ಮತ್ತೊಮ್ಮೆ ಕೇಳ್ಲಾ? ನಿಮ್ಮ ಮನಸ್ಸಿನ್ಯಾಗ ಏನೈತೆ?"

"ನೀವು," ಎಂದಳು ಅರ್ಚಿತಾ. ಅದನ್ನು ಹೇಳಲು ಅವಳಿಗೆ ಒಂದಿಷ್ಟೂ ಭಯವಾಗಲಿಲ್ಲ. "ಇನ್ನ ಮ್ಯಾಲೆ ನನ್ನ ನೀನು ಅನ್ರಿ."

"ಅರ್ಚಿತಾ... ಕರಡಿ ಈಗ ಎಲ್ಲೈತೆ?"

ಅವಳು ಅವನ ದಿಂಬಿನ ಹಿಂದೆ ನೋಡಿದಳು. ಅಲ್ಲಿ ಇರಲಿಲ್ಲ. ಅವಳ ಮುಖ ಮತ್ತೆ ಬಾಡಿತು. "ಇನ್ನೂ ನನ್ನ ಹಿಂದನೇ ಅದ ಅಂತ ಕಾಣತದ. ವಾಪಸ್ ಕರೀರಿ ಅದನ್ನ! ನಿಮಗ ಯಾರು ಕಾವಲು?"

"ಇರ್ಲಿ ಬಿಡು ಅಲ್ಲೇ," ಎಂದ ಲಿಂಗರಾಜ್, ಅವಳ ಬೆರಳು ಬಿಡದೆ. "ನಂಗ ನೀ ಕೂಗ್ತೀಯಲ್ಲ."