ಗಾಳಿ ಹೊತ್ತು ನಿಂತ ಕಾಲು

ಬೆಳಿಗ್ಗೆ ಕಂಪ್ಯೂಟರ್ ತೆರೆದಾಗ ಟ್ಯಾಂಕಿನ ಒಂದು ಭಾಗ ಇರಲಿಲ್ಲ.

ರೊಟ್ಟಿಯನ್ನು ನಾಲ್ಕು ಮಾಡಿ ಒಂದು ತುಣುಕು ಎತ್ತಿಕೊಂಡರೆ ಹೇಗೋ ಹಾಗೆ. ಮೇಲಿನಿಂದ ಕೆಳಗಿನವರೆಗೆ ನೇರ ಗೀರು. ಉಳಿದದ್ದು ಪರದೆಯ ಮೇಲೆ ಬಾಯಿ ತೆರೆದುಕೊಂಡು ನಿಂತಿತ್ತು.

"ಇದನ್ನ ಕಳವು ಅಂತ ಬರ್ಕೊಳ್ಳಲೋ, ಏನಂತ ಬರ್ಕೊಳ್ಳಲೋ?" ಸಬ್ ಇನ್‌ಸ್ಪೆಕ್ಟರ್ ಗಾಳೆಮ್ಮ ಕೇಳಿದರು.

"ಕೊಲಿ ಅಂತ ಬರ್ಕೊಳ್ರಿ ಮೇಡಮ್ಮಾರ," ಎಂದರು ಎಂಜಿನಿಯರಿಂಗ್ ಕಚೇರಿಯ ಮಾಲೀಕ ವಿರುಪಾಕ್ಷಿ. "ಮಾಡಿದಾಕಿ ಹೊರಗ ಮೆಟ್ಟಿಲ ಮ್ಯಾಲ ಕುಂತಾಳ."

ಗಾಳೆಮ್ಮ ಕುಷ್ಟಗಿಯವರು. ಗಂಗಾವತಿ ಠಾಣೆಗೆ ಬಂದು ಇನ್ನೂ ಒಂದು ಮಳೆಗಾಲ ಕಳೆದಿರಲಿಲ್ಲ. ದೂರು ಕೊಡುವವರು ಕಳ್ಳನನ್ನೂ ತಾವೇ ಹಿಡಿದು ತೋರಿಸಿಬಿಟ್ಟರೆ ಅವರಿಗೆ ಅವತ್ತಿನ ಊಟ ರುಚಿಸುತ್ತಿರಲಿಲ್ಲ. ಕುರ್ಚಿ ಎಳೆದುಕೊಂಡು ಕುಳಿತರು.

"ಮೊದಲ ಇದೇನು ಅಂತ ಹೇಳ್ರಿ. ನನಗ ತಿಳಿಯೂ ಹಂಗ."

ವಿರುಪಾಕ್ಷಿ ಒಳ್ಳೆಯ ಮನುಷ್ಯ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲಿ. ಆ ಸಿಟ್ಟಿನಲ್ಲೂ ಚೆನ್ನಾಗಿಯೇ ಹೇಳಿದರು. ಇದು ಉಮರಸಾಬರ ಅಕ್ಕಿ ಗಿರಣಿಗೆ ಭತ್ತ ನೆನೆಸುವ ಉಕ್ಕಿನ ಟ್ಯಾಂಕು. ನಾಲ್ಕು ಕಾಲಿನ ಮೇಲೆ ನಿಲ್ಲುತ್ತದೆ. ಉಕ್ಕು ಕತ್ತರಿಸುವ ಮೊದಲು ಕಂಪ್ಯೂಟರಿನಲ್ಲಿ ಕಟ್ಟಿ, ಸಾವಿರಾರು ಸಣ್ಣ ತುಣುಕು ಮಾಡಿ, ಭತ್ತದ ಭಾರ ಹೊರಿಸಿ, ಯಾವ ತುಣುಕು ಸೋಲುತ್ತದೆ ಎಂದು ನೋಡಬೇಕು. ತುಣುಕುಗಳನ್ನು ಒಂದೊಂದಾಗಿ ಕೈಯಲ್ಲಿ ಆರಿಸುತ್ತಾ ಕುಳಿತರೆ ಚೀಲ ಜೋಳದಲ್ಲಿ ಕಲ್ಲು ಆರಿಸಿದ ಹಾಗೆ. ಅದಕ್ಕೇ ಸ್ಕ್ರಿಪ್ಟ್ ಬರೆಯುತ್ತಾರೆ. ಇಷ್ಟು ಎತ್ತರಕ್ಕಿಂತ ಕೆಳಗಿರುವ ತುಣುಕುಗಳನ್ನೆಲ್ಲ ಕೂಡಿಸು, ಅವಕ್ಕೊಂದು ಹೆಸರಿಡು ಎಂದು ಅದರಲ್ಲಿ ಅಪ್ಪಣೆ. ಆಮೇಲೆ ಹೆಸರು ಹಿಡಿದು ಕರೆದರೆ ಸಾಕು, ತುಣುಕುಗಳೆಲ್ಲ ಒಟ್ಟಿಗೆ ಬರುತ್ತವೆ.

ಗೋಡೆಯ ಮೇಲೆ ವಿರುಪಾಕ್ಷಿಯವರ ಕೈಬರಹದ ಹಾಳೆ ಇತ್ತು: ಹೆಸರು ಕನ್ನಡದಾಗ ಇಡಬೇಕು.

"ಕೊನಿಗೆ ಓಡಿದ್ದು ಹೊರಗ ಕುಂತ ಆ ಎಂಜಿನಿಯರ್ ಶಬೀನಾನ ಸ್ಕ್ರಿಪ್ಟ್. ಓದ್ರಿ," ಎಂದರು ವಿರುಪಾಕ್ಷಿ.

ಇಂಗ್ಲಿಷ್ ಅಕ್ಷರಗಳಲ್ಲಿ ‘ಕಾಲು’ ಎಂದಿತ್ತು. ಆ ಹೆಸರಿನ ತುಣುಕುಗಳನ್ನು ತೆಗೆದುಹಾಕು, ಆಮೇಲೆ ದಪ್ಪ ಕಾಲು ಕೂಡಿಸು ಎಂದು ಅದರ ಅರ್ಥ.

"ಹಳೇ ಕಾಲು ತಗಿ ಅಂದಿದ್ನಿ ಅಂತಾಳ. ನೋಡ್ರಿ, ಹಳೇ ಕಾಲು ಇನ್ನೂ ಅದಾವು. ಟ್ಯಾಂಕ ಹೋಗೇತಿ. ಹೊಸಪೇಟಿ ಕಂಪನಿಯವರು ಅಕಿನ್ನ ಕರದಾರ. ಹೋಗೂ ಮುಂದ ನಮ್ಮ ಕೆಲಸ ಕೆಡಿಸ್ಯಾಳ. ಉಮರಸಾಬರಿಗೂ ಹೇಳೇಬಿಟ್ಟೀನಿ."

ಗಾಳೆಮ್ಮ ಪರದೆಯ ಹತ್ತಿರ ಬಾಗಿದರು. ದಪ್ಪನೆಯ ಹೊಸ ಕಾಲು ನಾಲ್ಕು. ಅವುಗಳಲ್ಲಿ ಒಂದು ಮಾಯವಾದ ಭಾಗದ ಕೆಳಗಿತ್ತು. ಪಾಪ, ಬರೀ ಗಾಳಿ ಹೊತ್ತು ನಿಂತಿತ್ತು.

"ಟ್ಯಾಂಕ ಹಾಳ ಮಾಡಾಕ ಬಂದಾಕಿ ಅದಕ್ಕ ಹೊಸ ಕಾಲು ಯಾಕ ಹಚ್ಚತಾಳ?"

ಗಾಳೆಮ್ಮ ಎದ್ದು ಮೆಟ್ಟಿಲ ಕಡೆ ನಡೆದರು.

* * *

ಶಬೀನಾ ಮೆಟ್ಟಿಲ ಮೇಲೆ ಬುತ್ತಿಡಬ್ಬಿ ತೊಡೆಯಲ್ಲಿಟ್ಟುಕೊಂಡು ಕುಳಿತಿದ್ದಳು. ಅತ್ತಿರಲಿಲ್ಲ. ಅತ್ತಿದ್ದರೇ ಚೆನ್ನಾಗಿತ್ತು ಎನ್ನಿಸುವಂಥ ಮುಖ.

"ಹೊಸಪೇಟಿಯವರು ಕರದಿದ್ದು ಖರೇನ?"

"ಖರೇರಿ. ಒಲ್ಲೆ ಅಂದೀನಿ."

"ಸರ್‌ಗೆ ಹೇಳೀಯೇನು?"

"ಹೋಗೂದಿದ್ರ ಹೇಳ್ತಿದ್ನಿ. ಹೋಗೂದಿಲ್ಲ ಅನ್ನೂದನ್ನ ಹೇಳೂದೇನೈತಿ ಮೇಡಮ್?"

ಗಾಳೆಮ್ಮನವರಿಗೆ ಈ ಹುಡುಗಿ ಆ ಗಳಿಗೆಯಲ್ಲೇ ಇಷ್ಟವಾದಳು. ಪೊಲೀಸರಿಗೆ ಹಾಗಾಗಬಾರದು. ಆಯಿತು, ಏನು ಮಾಡುವುದು.

"ಸರ್ ನನಗ ಕೆಲಸ ಕಲಿಸ್ಯಾರ," ಎಂದಳು ಶಬೀನಾ. "ಇವತ್ತು ಕಳ್ಳಿ ಅಂದ್ರು. ಪೊಲೀಸ್ ಕೇಸ್ ಆದ್ರ ನನಗ ಯಾವ ಆಫೀಸ್‌ನ್ಯಾಗೂ ಕುರ್ಚಿ ಸಿಗೂದಿಲ್ರಿ."

"ನಿನ್ನೆ ಸ್ಕ್ರಿಪ್ಟ್ ನೀನ ಓಡಿಸಿದ್ಯಾ?"

"ಇಲ್ರಿ. ಬರದಿಟ್ಟು ಮನಿಗೆ ಹೋದ್ನಿ. ಓಡಿಸಂತ ಮಾಂತೇಶಗ ಹೇಳಿದ್ನಿ."

* * *

ಮಾಂತೇಶ ಯಲಬುರ್ಗಾ ಕಡೆಯ ಮಂಗಳೂರೆಂಬ ಹಳ್ಳಿಯವನು, ಕಚೇರಿಯ ಇನ್ನೊಬ್ಬ ಎಂಜಿನಿಯರ್. ಕೆಳಗಿನ ಚಹಾ ಅಂಗಡಿಯಲ್ಲಿ ಸಿಕ್ಕ. ಖಾಕಿ ಕಂಡದ್ದೇ ತಡ, ಕಪ್ಪಿನ ಚಹಾ ತಟ್ಟೆಗೆ ಚೆಲ್ಲಿತು.

"ಶಬೀನಾ ಹೋದ್ರ ಅಕಿ ಕೆಲಸೆಲ್ಲಾ ನಿನಗ ಬರ್ತೈತಿ. ಹೌದಿಲ್ಲೋ?"

"ಬರ್ತೈತ್ರಿ. ಅದಕ್ಕ ಅಕಿ ಹೋಗಬಾರದು ಅಂತೀನಿ. ಅಷ್ಟ ಕೆಲಸ ಯಾರು ಮಾಡಬೇಕು?"

"ಮತ್ತ ಯಾಕ ಇಷ್ಟು ಬೆವತೀ?"

ಅವನು ತಲೆ ತಗ್ಗಿಸಿದ. "ಓಡಿಸಿದ್ದು ನಾನ್ರಿ. ಸರ್ ಕಂಪ್ಯೂಟರ್ ಮುಂದ ಕುಂತಿದ್ರು. ಅವ್ರು ಎದ್ದು ಹೋಗೂದನ್ನ ಕಾಯ್ದು, ಓಡಿಸಿ, ಸೇವ್ ಮಾಡಿ ಬಸ್ಸಿಗೆ ಓಡಿದ್ನಿ. ಪರದೆ ನೋಡಲಿಲ್ಲ. ಅದೊಂದ ತಪ್ಪು."

ಗಾಳೆಮ್ಮನವರಿಗೆ ಒಂದು ಊಹೆ ಹೊಳೆಯಿತು. ಇಂಗ್ಲಿಷ್ ಅಕ್ಷರದಲ್ಲಿ ಕಾಲಿಗೂ ಕಾಳಿಗೂ ಭೇದವಿಲ್ಲ. "ಅದು ಭತ್ತದ ಕಾಳು ಇರಬಹುದಾ? ಕಾಳು ತಗಿ ಅಂದಿದ್ದಕ್ಕ ಕಾಳು ತುಂಬಿದ ಟ್ಯಾಂಕ ಹೋತಾ?"

ಮಾಂತೇಶ ನಗು ತಡೆದುಕೊಂಡ. "ಕಾಳು ನಾವು ಕಟ್ಟೂದ ಇಲ್ರಿ ಮೇಡಮ್ಮಾರ. ಅದರ ಭಾರ ಅಷ್ಟ ಹೊರಸ್ತೀವಿ."

ಊಹೆ ಹಾರಿಹೋಯಿತು. ಗಾಳೆಮ್ಮ ಅವನ ಚಹಾದ ದುಡ್ಡು ತಾವೇ ಕೊಟ್ಟು ಜೀಪು ಹತ್ತಿದರು.

* * *

ಹಸಿದ ಹೊಟ್ಟೆಗೆ ತನಿಖೆ ಹತ್ತುವುದಿಲ್ಲ. ದಾರಿಯಲ್ಲಿ ಚಾಂದಸಾಬನ ಮಟನ್ ಅಂಗಡಿಯ ಮುಂದೆ ಜೀಪು ನಿಂತಿತು. ಗಾಳೆಮ್ಮ ದಿನಾ ಪಾವ್ ಕಿಲೋ ಎನ್ನುವವರು. ಇವತ್ತು ಬೆಳಗಿನಿಂದ ಬಾಯಲ್ಲಿ ‘ಕಾಲು’ ಎಂಬ ಮಾತೊಂದೇ ಕುಳಿತಿತ್ತಲ್ಲ, ಅದೇ ಬಂತು.

"ಚಾಂದಸಾಬ, ಕಾಲು ಕಟ್ಟಪಾ."

ಪೊಟ್ಟಣ ಕೈಗೆ ಬಂದಾಗ ಭಾರ ಬೇರೆ, ಆಕಾರ ಬೇರೆ. ಬಿಚ್ಚಿ ನೋಡಿದರೆ ಒಳಗೆ ಸುಟ್ಟು ಹೆರೆದ ನಾಲ್ಕು ಮೇಕೆ ಕಾಲು.

"ಇದೇನೋ?"

"ನೀವ ಕಾಲು ಅಂದ್ರೆಲ್ರಿ? ಮೇಡಮ್ಮಾರಿಗೆ ನೆಗಡಿ ಆಗಿರಬೇಕು, ಸೂಪ್ ಕುಡಿತಾರ ಅಂದ್ಕೊಂಡ್ನಿ."

"ನಾ ಕೇಳಿದ್ದು ಕಾಲು ಕಿಲೋ..."

ಗಾಳೆಮ್ಮನವರ ಮಾತು ಅಲ್ಲೇ ನಿಂತಿತು. ಪೊಟ್ಟಣ ನೋಡಿದರು. ಚಾಂದಸಾಬನನ್ನು ನೋಡಿದರು. ಆಮೇಲೆ ಮೇಕೆ ಕಾಲನ್ನೇ ಎತ್ತಿಕೊಂಡು ಜೀಪಿನ ಕಡೆ ಹೊರಟರು.

"ಬದಲಿಸಿ ಕೊಡಲ್ರೀ?"

"ಬ್ಯಾಡ. ಇವತ್ತು ಸೂಪ."

* * *

ಎಲ್ಲರೂ ಕಂಪ್ಯೂಟರಿನ ಸುತ್ತ ನಿಂತರು. ಶಬೀನಾ ಬಾಗಿಲ ಹತ್ತಿರವೇ ಉಳಿದಳು.

"ವಿರುಪಾಕ್ಷಿಯವರ, ನಿನ್ನೆ ಶಬೀನಾ ಹೋದ ಮ್ಯಾಲ, ಮಾಂತೇಶ ಓಡಿಸೂ ಮೊದಲ, ಇದರ ಮುಂದ ಯಾರು ಕುಂತಿದ್ರು?"

"ನಾನ. ಆದ್ರ ಒಂದು ತುಣುಕೂ ಅಳಿಸಿಲ್ರಿ. ಗೋಡಿ ತಡೀತೈತೋ ಇಲ್ಲೋ ಅಂತ ಬರೇ ಲೆಕ್ಕ ನೋಡಿದ್ನಿ."

"ಪೂರ್ತಿ ಟ್ಯಾಂಕಿಂದಾ?"

"ಪೂರ್ತಿ ಯಾಕ್ರಿ? ಸುತ್ತಲೂ ಒಂದ ನಮೂನಿ ಐತಿ. ನಾಲ್ಕರಾಗ ಒಂದು ಪಾಲು ಆರಿಸಿ ನೋಡಿದ್ರ ಮುಗೀತು. ಎಲ್ಲಾರೂ ಹಂಗ ಮಾಡ್ತಾರ."

"ಆ ಪಾಲಿಗೆ ಏನಂತ ಹೆಸರಿಟ್ರಿ?"

"ಏನಿಡೂದು? ನಾಲ್ಕರಾಗ ಒಂದು ಅಂದ್ರ ಕಾಲು..."

ವಿರುಪಾಕ್ಷಿಯವರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಪರದೆಯ ಮೇಲಿನ ಟ್ಯಾಂಕೂ ಅವರೂ ಒಂದೇ ಥರ ಕಂಡರು.

ಗಾಳೆಮ್ಮ ನಿಧಾನವಾಗಿ ಹೇಳಿದರು. "ಶಬೀನಾ ಇಟ್ಟಿದ್ದೂ ಕಾಲು, ನೀವು ಇಟ್ಟಿದ್ದೂ ಕಾಲು. ಅಕೀದು ನಿಲ್ಲೂ ಕಾಲು, ನಿಮ್ಮದು ಅಳತಿ ಕಾಲು. ಒಂದ ಹೆಸರು ಎರಡು ಸಲ ಇಟ್ರ ಈ ಸಾಫ್ಟ್‌ವೇರ್ ಏನು ಮಾಡ್ತೈತಿ ಮಾಂತೇಶ?"

"ಹಳೇದನ್ನ ಅಳಿಸಿ ಹೊಸಾದು ಇಟ್ಕೊಂತೈತ್ರಿ. ಕೇಳೂದೂ ಇಲ್ಲ."

"ಮುಂದ ಸ್ಕ್ರಿಪ್ಟ್ ಬಂತು. ಕಾಲು ತಗಿ ಅಂತು. ಸಾಫ್ಟ್‌ವೇರ್ ಆ ಮಾತು ಕೇಳಿ ಟ್ಯಾಂಕಿನ ಕಾಲುಭಾಗ ಎತ್ತಿಬಿಡ್ತು. ಹಳೇ ಕಾಲು ಎಣಸ್ರಿ, ಮೂರ ಅದಾವು. ನಾಲ್ಕನೇದ್ದು ಆ ಪಾಲಿನ ಜೋಡಿ ಹೋಗೇತಿ. ಹೊಸ ಕಾಲು ಮಾತ್ರ ನಾಲ್ಕೂ ಬಂದಾವು, ಯಾಕಂದ್ರ ಈ ಹುಡುಗಿ ಟ್ಯಾಂಕ ನಿಲ್ಲಿಸಾಕ ಬರದಿದ್ಲು. ಕೆಡವಾಕಲ್ಲ."

ವಿರುಪಾಕ್ಷಿ ಬಾಗಿಲ ಕಡೆ ತಿರುಗಿದರು. "ತಪ್ಪಾತವ್ವಾ."

ಶಬೀನಾಳ ಕಣ್ಣು ಈಗ ತುಂಬಿದವು. "ಸರ್, ಅದು ಮಶೀನು. ಕೇಳದನ ಹೆಸರು ಅಳಸ್ತು. ನೀವು ಮನಷ್ಯಾರು. ನಾ ಇಲ್ಲಿ ಗಳಿಸಿದ ಹೆಸರಿನ ಮ್ಯಾಲ ಕಳ್ಳಿ ಅಂತ ಬರದ್ರಿ. ಒಂದ ಮಾತು ಕೇಳಬಾರದಿತ್ತಾ?"

ಆ ಮಾತು ವಿರುಪಾಕ್ಷಿಯವರಿಗೆ ನಾಟಿತು. ಅವರು ಫೋನ್ ತೆಗೆದು, ಎಲ್ಲರಿಗೂ ಕೇಳುವಂತೆ ಸ್ಪೀಕರಿಗೆ ಹಾಕಿದರು.

"ಉಮರಸಾಬರ, ಮುಂಜಾನೆ ಶಬೀನಾನ ಬಗ್ಗೆ ಹೇಳಿದ್ನೆಲ್ರಿ, ಅದು ಸುಳ್ಳು. ಖರೇ ಕಳ್ಳ ಸಿಕ್ಕಾನ."

"ಯಾರ್ರೀ ಅವ?"

"ನಾನ."

ಆ ಕಡೆ ಉಮರಸಾಬರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಶಬೀನಾ ಕಣ್ಣೊರೆಸಿಕೊಂಡು ತನ್ನ ಕುರ್ಚಿಗೆ ಬಂದು ಕುಳಿತಳು.

ವಿರುಪಾಕ್ಷಿ ಮೆಲ್ಲಗೆ ಹತ್ತಿರ ಬಂದರು. "ಇನ್ನ ಮ್ಯಾಲ ನಾಲ್ಕರಾಗ ಒಂದಕ್ಕ ಪಾವ್ ಅಂತ ಹೆಸರಿಡೂಣು. ಗೊಂದಲ ಇರೂದಿಲ್ಲ."

"ಸರ್," ಎಂದಳು ಶಬೀನಾ, "ನಮ್ಮ ಮನಿ ಉರ್ದುದಾಗ ಪಾಂವ್ ಅಂದ್ರ ನಿಲ್ಲೂ ಕಾಲು."

ಮಾಂತೇಶ ಮೊದಲು ನಕ್ಕ. ಆಮೇಲೆ ಯಾರು ನಗಲಿಲ್ಲ ಎಂದು ಹೇಳುವುದು ಕಷ್ಟ. ಗಾಳೆಮ್ಮ ಮೇಕೆ ಕಾಲಿನ ಪೊಟ್ಟಣ ಹಿಡಿದು ಎದ್ದಾಗ, ಶಬೀನಾ ಪೆನ್ನು ಹಿಡಿದು ಗೋಡೆಯ ಹಾಳೆಯ ಮುಂದೆ ನಿಂತಿದ್ದಳು. ‘ಹೆಸರು ಕನ್ನಡದಾಗ ಇಡಬೇಕು’ ಎಂಬುದರ ಕೆಳಗೆ ಒಂದು ಸಾಲು ಸೇರಿಸಿದಳು: ಇಡೂ ಮೊದಲ ಕೇಳಬೇಕು.