ಮಸುಕಿಗೆ ಬಿಟ್ಟದ್ದು

“ಟೂ ಪಾಯಿಂಟ್ ಏಟ್‌ವರೆಗೆ ಕಿಂಡಿ ತೆರೆದು ಏನು ಬೇಕಾದ್ರೂ ತೆಗೀರಿ ಸಾರ್. ಅದಕ್ಕಿಂತ ಜಾಸ್ತಿ ತೆರೀಬೇಡಿ. ಅದರಲ್ಲೂ ಮನುಷ್ಯರ ಮುಖ ಮುಂದಿಟ್ಕೊಂಡು ತೆರೀಲೇಬೇಡಿ.”

ಕ್ಯಾಮೆರಾ ರಿಪೇರಿಯ ಮುದುಕ ಹೀಗೆಂದು, ಲೆನ್ಸನ್ನು ಕೈಗೆ ಕೊಡದೆ ಮೇಜಿನ ಮೇಲಿಟ್ಟ. ಐವತ್ತು ಮಿಲಿಮೀಟರಿನ ಹಳೆಯ ಲೆನ್ಸು. ಹೊಳೆಯ ಕಲ್ಲಿನಂತೆ ತಣ್ಣಗೆ, ತೂಕವಾಗಿ ಅಂಗೈ ತುಂಬುವಂಥದು. ಫೋಟೋಗ್ರಫಿ ಪತ್ರಿಕೆಯೊಂದಕ್ಕೆ ಲೆನ್ಸುಗಳ ಗುಣದೋಷ ಬರೆಯುವುದೇ ಕಸುಬಾಗಿದ್ದ ವಿಮರ್ಶಕ ಅದನ್ನು ಎತ್ತಿ ಬೆಳಕಿಗೆ ಹಿಡಿದ. ಒಳಗಿನ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಉಕ್ಕಿನ ಎಲೆಗಳ ಅಂಚಿಗೆ ಉದ್ದನೆಯ ಕೂದಲೊಂದು ಸುತ್ತಿಕೊಂಡಿತ್ತು.

“ಇದನ್ನ ತೆಗೀಲಿಲ್ವಾ?”

“ಅದು ಬಿದ್ದಿದ್ದಲ್ಲ ಸಾರ್, ಇಟ್ಟಿದ್ದು.” ಮುದುಕ ದನಿ ತಗ್ಗಿಸಿದ. “ಇದರ ಯಜಮಾನ ಸ್ಟುಡಿಯೋ ನಡೆಸ್ತಿದ್ದ. ಹೆಂಡತಿಗೆ ತೊನ್ನು. ಯಾವ ಫೋಟೋದಲ್ಲೂ ಅವಳನ್ನ ಮುಂದೆ ನಿಲ್ಲಿಸ್ಲಿಲ್ಲ, ಹಿಂದೆ, ಮಸುಕಲ್ಲೇ. ಸಾಯೋ ಮುಂಚೆ ಅವಳು ಮಾಟ ಮಾಡ್ಸಿ ತನ್ನ ಕೂದಲು ಒಳಗಿಡ್ಸಿದ್ಲು. ಪೂರ್ತಿ ತೆರೆದಾಗ, ನಾಚ್ಕೊಂಡು ನೀವೇನನ್ನ ಮಸುಕಿಗೆ ಬಿಡ್ತೀರೋ ಅದನ್ನ ಇದು ಇಟ್ಕೊಂಡುಬಿಡುತ್ತೆ. ವಾಪಸ್ ಬೇಕಂದ್ರೆ, ಬಿಟ್ಟೋನೇ ಹೋಗಿ ಆ ಮಸುಕಲ್ಲಿ ನಿಂತು, ಬಾಯ್ಬಿಟ್ಟು ನಿಜ ಹೇಳ್ಬೇಕು.”

ವಿಮರ್ಶಕ ನಕ್ಕುಬಿಟ್ಟ. “ಒನ್ ಪಾಯಿಂಟ್ ಫೋರ್ ಲೆನ್ಸ್ ತಗೊಂಡು ಟೂ ಪಾಯಿಂಟ್ ಏಟಲ್ಲಿ ಹೊಡೆಯೋದು ಅಂದ್ರೆ, ಕುದುರೆ ಕೊಂಡು ಲಗಾಮು ಹಿಡ್ಕೊಂಡು ನಡೆದ ಹಾಗೆ. ಒಳಗೆ ಬೂಷ್ಟು ಹಿಡಿದಿದೆ ಅಂತ ಒಪ್ಕೊಳ್ಳೋಕಾಗ್ದೆ ಮಾಟ ಅಂತೀರಲ್ಲ ಅಜ್ಜ!”

ಮುದುಕ ನಗಲಿಲ್ಲ. ಇಲ್ಲಿಯವರೆಗಿನದನ್ನು ನನಗೆ ಹೇಳಿದವನು ಅವನೇ. ಮುಂದಿನದನ್ನು ಬೇರೊಂದು ಮನೆಯಲ್ಲಿ ಕೇಳಿ ಬರೆದುಕೊಂಡೆ. ಎರಡೂ ಹೇಳಿಕೆಗಳು ತಕರಾರಿಲ್ಲದೆ ಕೂಡುತ್ತವೆ.

ಎರಡು ದಿನ ವಿಮರ್ಶಕ ಇಟ್ಟಿಗೆಯ ಗೋಡೆ, ಅಂಗಡಿಯ ಫಲಕ, ಕಪಾಟಿನ ಸೀಸೆಗಳನ್ನು ತೆಗೆದ. ಫೋಕಸ್ಸಿನ ಬಳೆ ಬೆಣ್ಣೆಯಲ್ಲಿ ಬೆರಳಾಡಿಸಿದಂತೆ ತಿರುಗುತ್ತಿತ್ತು. ಕಿಂಡಿಯನ್ನು 5.6ಕ್ಕೆ ಕಿರಿದು ಮಾಡಿದರೆ ಹಳೆಯ ಪತ್ರಿಕೆಯ ಮೂಲೆಯ ಅಕ್ಷರವೂ ಕೆತ್ತಿದಂತೆ ಬರುತ್ತಿತ್ತು. ಉಳಿದದ್ದು 1.4 ಒಂದೇ, ಅಂದರೆ ಕಿಂಡಿ ಪೂರ್ತಿ ತೆರೆದ ಅಳತೆ; ಅಂಕಿ ಇಳಿದಷ್ಟೂ ಕಿಂಡಿ ಅಗಲ. ಅದರ ಪರೀಕ್ಷೆಗೆ ಗೋಡೆ ಸಾಲದು, ಮುಖ ಬೇಕು. ಹತ್ತಿರದ ಕಣ್ಣಿನ ರೆಪ್ಪೆಗಳು ಎಣಿಸುವಷ್ಟು ಚೂಪಾಗಿರಬೇಕು, ಅಲ್ಲಿಂದ ಕಿವಿಗೆ ಬರುವಷ್ಟರಲ್ಲಿ ಎಲ್ಲವೂ ಕರಗಿರಬೇಕು.

ಮನೆಯಲ್ಲಿದ್ದದ್ದು ಅವನ ಅಕ್ಕನ ಮುಖ. ಅವಳು ರಫೂ ಮಾಡುವವಳು. ಹರಿದ ಬಟ್ಟೆಯ ಎಳೆಗೆ ಎಳೆ ಹೆಣೆದು, ತೂತು ಎಲ್ಲಿತ್ತೆಂದು ಬಟ್ಟೆಯ ಒಡೆಯನಿಗೇ ಗೊತ್ತಾಗದಂತೆ ಮಾಡುವವಳು. ಅವಳ ಎಡಗೆನ್ನೆಯ ಮೇಲೆ ಕಣ್ಣಿನಿಂದ ದವಡೆಯವರೆಗೆ ಸುಟ್ಟ ಕಲೆ. ಆಗ ಮೂರು ವರ್ಷದವನಾಗಿದ್ದ ಈ ತಮ್ಮ ಒಲೆಯ ಮೇಲಿನ ಕುದಿನೀರಿನ ಪಾತ್ರೆಯನ್ನು ಎಳೆದಾಗ ಅಡ್ಡ ಬಂದವಳು ಅವಳು. ದೊಡ್ಡವನಾದ ಮೇಲೆ, ಅವಳ ಮದುವೆಯ ಮಾತುಕತೆಗೆಂದು ಫೋಟೋ ತೆಗೆದವನು ಆ ತಮ್ಮನೇ. ಕಲೆಯನ್ನು ಮಸುಕಿಗೆ ಸೇರಿಸಿ ತೆಗೆದಿದ್ದ. ಗಂಡಿನವರು ಮನೆಗೆ ಬಂದು ಮುಖ ನೋಡಿ “ಏನಿದು ಮೋಸ?” ಎಂದಾಗ, ಅಕ್ಕ ಒಳಗಿದ್ದಾಳೆ, ಅವಳಿಗೆ ಕೇಳಿಸದು ಎಂಬ ಧೈರ್ಯದಲ್ಲಿ “ಅವಳೇ ಹಾಗೆ ತೆಗಿ ಅಂದಳು” ಎಂದಿದ್ದ. ಅವರು ಎದ್ದು ಹೋದರು. ಊರು ಅವಳನ್ನು ಮೋಸಗಾತಿ ಎಂದಿತು. ಅವನು ತುಟಿ ಬಿಚ್ಚಲಿಲ್ಲ. ಹನ್ನೊಂದು ವರ್ಷ.

“ಅಕ್ಕ, ಹತ್ತು ನಿಮಿಷ ಕೂತ್ಕೊಳ್ಳೇ.”

“ಯಾವ ಮುಖ ಇಟ್ಕೊಂಡು ಕೇಳ್ತೀಯೋ? ಇಷ್ಟು ವರ್ಷ ಗೋಡೆ ಫೋಟೋ ತೆಗೆದೆ, ಬಾಟ್ಲಿ ಫೋಟೋ ತೆಗೆದೆ. ಈಗ ಬಾಟ್ಲಿಗಳು ಖಾಲಿಯಾದ್ವಾ?” ಅಕ್ಕ ನಗುತ್ತಲೇ ಸೂಜಿಯನ್ನು ಸೆರಗಿಗೆ ಚುಚ್ಚಿ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ಕೂತಳು. “ಯಾವ ಕಡೆ ತಿರುಗ್ಲಿ?”

ಅವನಿಗೆ ಕಿವಿ ಬಿಸಿಯಾಯಿತು. ಆದರೂ ಕೈ ತನ್ನಷ್ಟಕ್ಕೆ ಹೋಯಿತು. ಎರಡು ಬೆರಳಲ್ಲಿ ಅವಳ ಗದ್ದ ಹಿಡಿದು ಎಡಗೆನ್ನೆಯನ್ನು ಹಿಂದಕ್ಕೆ ಸರಿಸಿತು. ಕಿಂಡಿಯ ಬಳೆಯನ್ನು 1.4ರ ಕೊನೆಯವರೆಗೆ ತಿರುಗಿಸಿದ. ಲೆನ್ಸಿನೊಳಗೆ ಏನೋ ಸಡಿಲಾದ ಸದ್ದು. ಕೂದಲು ಸುಟ್ಟ ವಾಸನೆ.

ಕ್ಯಾಮೆರಾದ ಪರದೆಯ ಮೇಲೆ ಬಲಗಣ್ಣು ಮಂಜಿನ ಹನಿಯಷ್ಟು ನಿಚ್ಚಳ. ಎಡಗೆನ್ನೆ ಹೊಗೆಯಂತೆ ನುಣ್ಣಗೆ. ‘ಮಸುಕು ರೇಷ್ಮೆಯಂತಿದೆ’ ಎಂದು ಬರೆಯಬೇಕೆಂದುಕೊಂಡ. ಇನ್ನೊಂದು ತೆಗೆದ. ಮತ್ತೊಂದು.

“ಕಿಟಕಿ ಮುಚ್ಚಿದ್ಯಾ?” ಎಂದಳು ಅಕ್ಕ.

“ಇಲ್ವಲ್ಲ.”

“ಈ ಕಡೆ ಏನೂ ಕಾಣ್ತಿಲ್ಲ ಕಣೋ.”

ಅವನು ಕ್ಯಾಮೆರಾದಿಂದ ತಲೆ ಎತ್ತಿದ. ಅವಳ ಎಡಗೆನ್ನೆಯಲ್ಲಿ ಕಲೆ ಇರಲಿಲ್ಲ. ಕೆನ್ನೆಯೂ ಇರಲಿಲ್ಲ. ಕಣ್ಣಿರಬೇಕಾದಲ್ಲಿ ನೋಟ ನಿಲ್ಲದೆ ಜಾರುತ್ತಿತ್ತು, ಉಸಿರು ಬಿದ್ದ ಗಾಜಿನ ಮೇಲೆ ಜಾರಿದಂತೆ. ಅಕ್ಕ ತಡವರಿಸಿ ಸೂಜಿ ಎತ್ತಿದಳು. ದಾರ ಸೂಜಿಗಣ್ಣಿನ ಪಕ್ಕದಲ್ಲಿ ಹಾದುಹೋಯಿತು. ಮತ್ತೆ ಪಕ್ಕದಲ್ಲೇ. ಮಸುಕು ಮೂಗಿನ ಕಡೆಗೆ ಹರಿಯುತ್ತಿತ್ತು.

“ಇನ್ನೊಂದೂ ಹೋದ್ರೆ ನಾನು ಏನು ಮಾಡ್ಲೋ?” ಎಂದಳು. “ಸೂಜಿ ಬಿಟ್ರೆ ನನಗೇನಿದೆ?”

ಬಿಟ್ಟವನೇ ಹೋಗಿ ನಿಲ್ಲಬೇಕು, ಎಂದಿದ್ದ ಮುದುಕ.

ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಕೂರಿಸಿದ. ಅಕ್ಕನ ಮುಖವನ್ನು ನೇರ ಮುಂದಕ್ಕೆ ತಿರುಗಿಸಿದ. ಬಲಗಣ್ಣಿಗೆ ಫೋಕಸ್ ಮಾಡಿದ. ಹತ್ತು ಸೆಕೆಂಡಿನ ಟೈಮರ್ ಒತ್ತಿದ. ಓಡಿದ. ಅವಳ ಹಿಂದೆ, ಮೂರು ಹೆಜ್ಜೆ ದೂರ, ಗೋಡೆಗೆ ಬೆನ್ನು ಕೊಟ್ಟು ನಿಂತ. ಕ್ಯಾಮೆರಾದ ಕೆಂಪು ದೀಪ ಮಿಟುಕತೊಡಗಿತು. ಅವನು ಬಾಯಿ ತೆರೆದ, ಮುಚ್ಚಿದ. ದೀಪ ಮಿಟುಕಿತು. ಸುಟ್ಟ ವಾಸನೆ ಗಂಟಲಿಗಿಳಿಯಿತು. ಮಿಟುಕಿತು. ಮಿಟುಕಿತು.

“ಅಕ್ಕ, ಆವತ್ತು... ನೀನು ಹಾಗೆ ತೆಗಿ ಅಂದಿರ್ಲಿಲ್ಲ. ನಾನೇ ತೆಗೆದಿದ್ದು. ನಿನ್ನ ಮೇಲೆ ಹಾಕ್ದೆ. ನಿನ್ನ ಮುಖಕ್ಕೆ ನಾನು ನಾಚ್ಕೊಂಡೆ. ಈಗ ನನ್ನ ಮುಖಕ್ಕೇ ನಾಚ್ಕೋತಿದೀನಿ.”

ದೀಪ ವೇಗವಾಯಿತು.

“ಗೊತ್ತು ಕಣೋ,” ಅಕ್ಕ ತಿರುಗದೆ ಹೇಳಿದಳು. “ಬಾಗಿಲ ಹಿಂದೇನೇ ಇದ್ದೆ.”

ಕ್ಲಿಕ್.

ಅವಳು ಕೈ ಎತ್ತಿ ಕೆನ್ನೆ ಮುಟ್ಟಿಕೊಂಡಳು. ಒರಟು ಚರ್ಮ, ಕಣ್ಣಿನಿಂದ ದವಡೆಯವರೆಗೆ, ಒಂದು ಗೆರೆಯೂ ತಪ್ಪದೆ. ಮೊದಲ ಸಲಕ್ಕೇ ದಾರ ಪೋಣಿಸಿದಳು. ಆಮೇಲೆ ನಿಟ್ಟುಸಿರಿಟ್ಟು ಹಿಂದಕ್ಕೆ ತಿರುಗಿದಳು.

“ಎಲ್ಲಿದ್ದೀಯೋ?”

ಅವನು ಎದುರಿಗೇ ನಿಂತಿದ್ದ. ಅವಳು ಎದ್ದು, ಕೈ ಚಾಚಿ, ಗೋಡೆಯುದ್ದಕ್ಕೂ ತಡವುತ್ತ ಬಂದಳು. ಬೆರಳಿಗೆ ಗದ್ದ ಸಿಕ್ಕಿತು, ಮೂಗು ಸಿಕ್ಕಿತು; ನೋಡಿದರೆ ಏನೂ ನಿಲ್ಲಲಿಲ್ಲ. ಬೆರಳು ಒದ್ದೆಯಾದಾಗಷ್ಟೇ ತಮ್ಮ ಅಳುತ್ತಿದ್ದಾನೆಂದು ಅವಳಿಗೆ ತಿಳಿಯಿತು.

ಲೆನ್ಸನ್ನು ಅಕ್ಕನೇ ಹಿಂದಿರುಗಿಸಿದಳು. ಮುದುಕ ಅದರ ಬಳೆಯನ್ನು 2.8ಕ್ಕೆ ನಿಲ್ಲಿಸಿ ತಂತಿ ಬಿಗಿದಿದ್ದಾನೆ. ನಾನು ಕಣ್ಣಾರೆ ನೋಡಿದ್ದೇನೆ. ಕೊನೆಯ ಫೋಟೋ ಅವಳ ಮನೆಯ ಗೋಡೆಯ ಮೇಲಿದೆ. ಅವಳ ಕಲೆಯ ಎಳೆ ಎಳೆಯೂ ಅದರಲ್ಲಿ ಸ್ಪಷ್ಟ. ಹಿಂದೆ, ಆಳೆತ್ತರಕ್ಕೆ, ಬೂದಿಬಣ್ಣದ ಒಂದು ಕದಡು.

ಈ ಭಾಗವನ್ನು ಹೇಳಿದವಳು ಅವಳೇ, ಮಧ್ಯಾಹ್ನದ ಬೆಳಕಿನಲ್ಲಿ ಕೋಟೊಂದರ ತೋಳಿಗೆ ರಫೂ ಮಾಡುತ್ತ. ಒಂದೂವರೆ ಗಂಟೆ ಕೂತು ಬರೆದುಕೊಂಡೆ. ಹೊರಡುವಾಗ ನೀರಿನ ಲೋಟವನ್ನು ಕೆಳಗಿಟ್ಟು, ತಮ್ಮ ಈಗ ಎಲ್ಲಿದ್ದಾನೆಂದು ವಿಚಾರಿಸಿದೆ.

ಅವಳ ಸೂಜಿ ನಿಂತಿತು.

“ಆ ನೀರು ತಂದ್ಕೊಟ್ಟಿದ್ದು ಯಾರು ಅಂದ್ಕೊಂಡ್ರಿ?”

ಲೋಟ ತೆಗೆದುಕೊಂಡದ್ದು ನನಗೆ ನೆನಪಿತ್ತು. ಕೊಟ್ಟ ಕೈ ನೆನಪಾಗಲಿಲ್ಲ. ಕೋಣೆಯಲ್ಲಿ ಮೂರನೆಯ ಉಸಿರೊಂದು ಕೇಳಿಸಿತು, ತೀರ ಹತ್ತಿರದಲ್ಲಿ. ತಲೆ ಎತ್ತಿ ಆ ಕಡೆ ನೋಡಲು ನನಗೆ ನಾಚಿಕೆಯಾಯಿತು.