ಕರೆಯಬಾರದ ಹೆಸರು

ಹಡಗಿನಲ್ಲಿ ಬಂದ ಬಿಳಿಯರು ತಂದ ಜ್ವರಕ್ಕೆ ನಮ್ಮೂರು ಬರಿದಾಯಿತು. ಆಮೇಲೆ ಅವರು ಅಲ್ಲೇ ಮನೆ ಕಟ್ಟಿ, ನನ್ನ ತಂಗಿಯನ್ನು ಹೂತ ಜಾಗದಲ್ಲಿ ಮುಸುಕಿನ ಜೋಳ ಬಿತ್ತಿದರು. ಸತ್ತವರ ಹೆಸರನ್ನು ನಾವು ಎತ್ತುವುದಿಲ್ಲ. ಆ ಬಿಳಿಯರಲ್ಲೊಬ್ಬಳು, ಮರ್ಸಿ, ನನ್ನ ತಂಗಿಯ ಹೆಸರನ್ನು ಯಾರಿಂದಲೋ ತಿಳಿದು ತನ್ನ ಕೂಸಿಗಿಟ್ಟಳು.

"ಬೇಡ ಕಣೇ, ಹಾಗೆ ಕರೆದ್ರೆ ಸತ್ತವಳ ನಿದ್ದೆ ಕೆಡುತ್ತೆ," ಎಂದೆ.

"ನಿನ್ನ ತಂಗಿ ಹೆಸರು ಉಳೀಲಿ ಅಂತ ಇಟ್ರೆ ನನ್ನನ್ನೇ ಬೈತೀಯಲ್ಲೇ!" ಮರ್ಸಿ ನಗುತ್ತಾ ತೊಟ್ಟಿಲಿಗೆ ಬಾಗಿ ಆ ಹೆಸರು ಕೂಗಿದಳು.

ಗಾಳಿಯಿರಲಿಲ್ಲ. ಹೊಲದಲ್ಲಿ ಜೋಳದ ಗರಿಗಳು ಸರಸರ ಸರಿದವು. "ಬಂದೆ ಅಕ್ಕಾ," ಎಂದಿತು ಒಂದು ದನಿ, ನಮ್ಮ ಭಾಷೆಯಲ್ಲಿ.

ಮರ್ಸಿಯ ನಗು ನಿಂತಿತು. "ಯಾರೇ ಅದು?"

ನಾನು ಮಗುವನ್ನು ಎತ್ತಿಕೊಂಡೆ. ಮೈ ತಣ್ಣಗಿತ್ತು. ಇನ್ನೂ ಮಗುಚಲೂ ಬಾರದ ಆ ಕೂಸಿನ ಅಂಗಾಲಿಗೆ ಹೊಲದ ಹಸಿಮಣ್ಣು ಮೆತ್ತಿತ್ತು.